ಘಟ್ಟದ 600: ತಿನ್ನೋದು ಯಾವಾಗ, ಮಲಗೋದು ಎಲ್ಲಿ

ಸೈಕಲ್‌ನಲ್ಲಿ 600 ಕಿಲೋಮೀಟರ್ ಬ್ರೆವೆ (ಗೊತ್ತು ಮಾಡಿದ ಟೈಮಿನೊಳಗೆ ಮುಗಿಸೋ ದೂರದ ಸವಾರಿ) ಅಂದ ತಕ್ಷಣ ಎಲ್ರೂ ಕೇಳೋದು ಕಾಲು ನೋಯಲ್ವಾ ಅಂತ. ನೋಯುತ್ತೆ, ಯಾಕೆ ನೋಯಲ್ಲ. ಆದ್ರೆ ನಾನು ನೋಡಿರೋ ಮಟ್ಟಿಗೆ ಘಟ್ಟದ ರೂಟಲ್ಲಿ ಡಿಎನ್‌ಎಫ್ ಆಗೋರಿಗೆ, ಅಂದ್ರೆ ಮುಗಿಸೋಕಾಗದೆ ಅರ್ಧಕ್ಕೇ ಬಿಡೋರಿಗೆ, ಮೊದಲು ಕೈಕೊಡೋದು ಹೊಟ್ಟೆ, ಅದು ಬಿಟ್ರೆ ಕಣ್ಣು. ಹೊಟ್ಟೆ ತೊಳೆಸಿ ನೀರೂ ಸೇರದ ಹಾಗಾಗುತ್ತೆ, ಇಲ್ಲಾ ಬೆಳಗಿನ ಜಾವ ಹ್ಯಾಂಡಲ್ ಮೇಲೇ ತೂಕಡಿಕೆ ಶುರುವಾಗುತ್ತೆ. ಅದಕ್ಕೇ ನಾನು ರೂಟ್ ಮ್ಯಾಪ್ ಸಿಕ್ಕಿದ ತಕ್ಷಣ ಮೊದಲು ನೋಡೋದು ಏರು ಎಲ್ಲಿ ಶುರು, ಇಳಿಜಾರು ಎಲ್ಲಿ ಶುರು ಅಂತ. ಎಲ್ಲಿ ತಿನ್ಬೇಕು ಎಲ್ಲಿ ಮಲಗ್ಬೇಕು ಅನ್ನೋದು ಅಲ್ಲೇ ಡಿಸೈಡ್ ಆಗಿಬಿಡುತ್ತೆ. ಊಟ ಏರಿಗೆ ಎರಡು ಗಂಟೆ ಮುಂಚೆ, ರೆಸ್ಟ್ ಇಳಿಜಾರಿಗೆ ಮುಂಚೆ. ಹಸಿವಾಗ್ಲಿ ಬಿಡ್ಲಿ, ನಿದ್ದೆ ಬರ್ಲಿ ಬಿಡ್ಲಿ.

ಗೊತ್ತಿಲ್ಲದೋರಿಗೆ ಒಂಚೂರು ಹೇಳ್ಬಿಡ್ತೀನಿ. ಬಿಆರ್‌ಎಂ, ಅಂದ್ರೆ ಈ ಬ್ರೆವೆ ಸವಾರಿಗಳು, ರೇಸ್ ಅಲ್ಲ, ಫಸ್ಟ್ ಬಂದೋರಿಗೂ ಲಾಸ್ಟ್ ಬಂದೋರಿಗೂ ಒಂದೇ ಮರ್ಯಾದೆ. 200ಕ್ಕೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಟೈಮು. ಅಂದ್ರೆ 600ಕ್ಕೆ ಸರಾಸರಿ ಗಂಟೆಗೆ 15 ಕಿಮೀ. ಕೇಳೋಕೆ ಸುಲಭ ಅನ್ಸುತ್ತೆ, ಆದ್ರೆ ನೀವು ತಿಂತಾ ಕೂತಿದ್ರೂ, ಪಂಕ್ಚರ್ ಹಾಕ್ತಾ ಇದ್ರೂ, ಗೊರಕೆ ಹೊಡೀತಾ ಇದ್ರೂ ಗಡಿಯಾರ ಓಡ್ತಾನೇ ಇರುತ್ತೆ. ಕಂಟ್ರೋಲ್ (ದಾರೀಲಿ ಸವಾರರು ಬಂದುಹೋದದ್ದನ್ನ ದಾಖಲು ಮಾಡೋ ಜಾಗ) ಬಿಟ್ಟು ಬೇರೆ ಕಡೆ ಹೊರಗಿನೋರ ಸಪೋರ್ಟ್ ತಗೊಳ್ಳೋ ಹಾಗಿಲ್ಲ, ದಾರೀಲಿ ಅಂಗಡೀಲಿ ಏನು ಸಿಗುತ್ತೋ ಅದೇ ಗತಿ. ಇದರ ಮೂಲಪುರುಷ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಅನ್ನೋ ಫ್ರಾನ್ಸಿನ ಸೈಕಲ್ ರೇಸ್ ಶುರುವಾಗಿದ್ದು 1891ರಲ್ಲಿ, ಆಗ ಗೆದ್ದ ಶಾರ್ಲ್ ತೆರೋಂ ಅನ್ನೋ ಪುಣ್ಯಾತ್ಮ 71 ಗಂಟೆ 22 ನಿಮಿಷ ನಿದ್ದೇನೇ ಮಾಡದೆ ತುಳಿದಿದ್ದ. ನಮ್ಮಂಥೋರಿಗೆ ಆ ಹುಚ್ಚು ಬೇಡ.

ನಾನು ಮಾಡಿದ್ದು ಬೆಂಗಳೂರು, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಉಜಿರೆ, ಅಲ್ಲಿಂದ ಅದೇ ದಾರೀಲಿ ವಾಪಸ್. ಶನಿವಾರ ಬೆಳಿಗ್ಗೆ 5ಕ್ಕೆ ಸ್ಟಾರ್ಟ್ ಆದ್ರೆ ಭಾನುವಾರ ರಾತ್ರಿ 9ಕ್ಕೆ ಟೈಮ್ ಮುಗೀತು. ಈ ರೂಟಿನ ಕಿತಾಪತಿ ಏನಪ್ಪಾ ಅಂದ್ರೆ ಘಟ್ಟ ಇಳಿಯೋದು ಕತ್ತಲಾದ್ಮೇಲೆ, ಹತ್ತೋದು ನಡುರಾತ್ರೀಲಿ, ಅದೂ ಆಗ್ಲೇ 300 ಕಿಮೀ ಕಾಲಲ್ಲಿ ಇಟ್ಕೊಂಡು.

ಹಾಸನದ ತನಕ ಹೈವೇ, ಅಲ್ಲಿ ಹೇಳೋಕೆ ಜಾಸ್ತಿ ಏನಿಲ್ಲ. ಕುಣಿಗಲ್ ದಾಟಿ ಇಡ್ಲಿ, ಚನ್ನರಾಯಪಟ್ಟಣದ ಹತ್ರ ಮೊಸರನ್ನ, ಅಷ್ಟೆ. ವಡೆ ಬೇಡ, ಪೂರಿ ಬೇಡ, ಬೆಣ್ಣೆ ಮಸಾಲೆ ಅಂತೂ ಬೇಡವೇ ಬೇಡ. ಎಣ್ಣೆ ಜಿಡ್ಡು ಹೊಟ್ಟೇಲಿ ಗಂಟೆಗಟ್ಲೆ ಕೂತಿರುತ್ತೆ. ಹೋಟೆಲ್ ಒಳಗೆ ಕೂತು ಆರ್ಡರ್ ಮಾಡಿ ಬಿಲ್ಲು ಕೊಡೋ ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಗುತ್ತೆ, ಹಗಲು ಹೊತ್ತು ಹೀಗೆ ಹೋದ ಮುಕ್ಕಾಲು ಗಂಟೆಗಳೇ ರಾತ್ರಿ ನಿದ್ದೆ ಕಡಿಮೆ ಮಾಡೋದು. ಹಾಗಾಗಿ ಹಗಲಲ್ಲಿ ನಾನು ಕೂರೋದು ಒಂದೇ ಸಲ. ಮಿಕ್ಕಿದ್ದೆಲ್ಲಾ ಸೈಕಲ್ ಮೇಲೇ.

ಸೈಕಲ್ ಮೇಲೆ ಏನು ಅಂದ್ರೆ, ಹ್ಯಾಂಡಲ್ ಪಕ್ಕ ಒಂದು ಸಣ್ಣ ಚೀಲ ಕಟ್ಕೊಂಡಿರ್ತೀನಿ, ಒಂದೇ ಕೈಯಲ್ಲಿ ಬಾಯಿ ತೆಗೆದು ಮುಚ್ಚೋಕೆ ಬರಬೇಕು, ಜಿಪ್ ಇರೋದು ಉಪಯೋಗ ಇಲ್ಲ. ಅದರೊಳಗೆ ಬೆಲ್ಲ ತುಪ್ಪ ಹಾಕಿ ಕಟ್ಟಿದ ಅವಲಕ್ಕಿ ಉಂಡೆ, ನಿಂಬೆಕಾಯಿ ಗಾತ್ರದ್ದು, ಒಂದೊಂದನ್ನೂ ಬಟರ್ ಪೇಪರಲ್ಲಿ ಸುತ್ತಿ ತುದಿ ತಿರುಚಿರ್ತೀನಿ, ಹಲ್ಲಲ್ಲಿ ಕಚ್ಚಿ ಎಳೆದ್ರೆ ಬಿಚ್ಚಿಕೊಳ್ಳೋ ಹಾಗೆ. ಜೊತೆಗೆ ಬೇಯಿಸಿದ ಸಣ್ಣ ಆಲೂಗಡ್ಡೆ, ಉಪ್ಪು ಹಚ್ಚಿದ್ದು. ಕಡ್ಲೆ ಮಿಠಾಯಿ. ಏಲಕ್ಕಿ ಬಾಳೆ ಮಾತ್ರ ಜರ್ಸಿ ಜೇಬಲ್ಲಿ ಇಟ್ರೆ ಗೊಜ್ಜಾಗುತ್ತೆ, ಅದನ್ನ ಅಂಗಡೀಲಿ ಕೊಂಡು ಅಲ್ಲೇ ತಿಂದು ಮುಗಿಸಿಬಿಡ್ಬೇಕು. ಇನ್ನೊಂದು ಐಟಂ ಇದೆ, ನಮ್ಮಮ್ಮ ಮಾಡಿ ಕೊಡೋ ಹುಣಸೆ ಚಿಗಳಿ. ಹುಣಸೆಹಣ್ಣು ಬೆಲ್ಲ ಉಪ್ಪು ಜೀರಿಗೆ ಒಣಮೆಣಸು ಕುಟ್ಟಿ ಕಡ್ಡಿಗೆ ಸಿಕ್ಕಿಸೋದು, ನಾನು ಕಡ್ಡಿ ಇಲ್ದೆ ಬರೀ ಉಂಡೆ ಮಾಡಿಸ್ಕೋತೀನಿ. ಹತ್ತು ಹನ್ನೆರಡು ಗಂಟೆ ಸಿಹಿ ತಿಂದು ತಿಂದು ಬಾಯಿ ರುಚಿ ಕೆಟ್ಟು ಏನು ಕಂಡ್ರೂ ವಾಕರಿಕೆ ಬರೋ ಟೈಮಲ್ಲಿ ಒಂದು ಚಿಗಳಿ ದವಡೆಗೆ ಒತ್ತಿಕೊಂಡ್ರೆ ಬಾಯಲ್ಲಿ ನೀರೂರಿ ಮತ್ತೆ ತಿನ್ನೋಕೆ ಮನಸ್ಸಾಗುತ್ತೆ. ನೂರಾರು ರೂಪಾಯಿ ಕೊಟ್ಟು ತಗೊಳ್ಳೋ ಯಾವ ಎನರ್ಜಿ ಜೆಲ್ಲೂ ಈ ಕೆಲಸ ಮಾಡಲ್ಲ.

ಲೆಕ್ಕ ಏನಪ್ಪಾ ಅಂದ್ರೆ ಗಂಟೆಗೆ 45ರಿಂದ 60 ಗ್ರಾಂ ಕಾರ್ಬ್ (ಪಿಷ್ಟ, ಸಕ್ಕರೆ). ಮೈಯಲ್ಲಿ ಗ್ಲೈಕೊಜೆನ್ ಆಗಿ ಸೇರಿಸಿಟ್ಟಿರೋದು ಸುಮಾರು 2000 ಕ್ಯಾಲೊರಿ ಅಷ್ಟೆ, ಅದು ಹಾಸನ ಬರೋದ್ರೊಳಗೆ ಖಾಲಿ. ಬರೀ ಗ್ಲುಕೋಸ್ ಆದ್ರೆ ಕರುಳು ಗಂಟೆಗೆ 60 ಗ್ರಾಂಗಿಂತ ಜಾಸ್ತಿ ಹೀರ್ಕೊಳ್ಳೋದು ಕಷ್ಟ, ಫ್ರಕ್ಟೋಸ್ ಸೇರಿದ್ರೆ 90ರ ತನಕ ಹೋಗಬಹುದು, ಬೆಲ್ಲದಲ್ಲಿ ಎರಡೂ ಇರೋದ್ರಿಂದ ಬೆಲ್ಲದ ಉಂಡೆ ಸುಮ್ನೆ ಅಜ್ಜಿ ಕಾಲದ್ದು ಅಂತ ತಳ್ಳಿಹಾಕೋ ಹಾಗಿಲ್ಲ. ಆದ್ರೆ 90 ಗ್ರಾಂ ತಿನ್ನೋಕೆ ಹೊಟ್ಟೆಗೂ ತಿಂಗಳುಗಟ್ಲೆ ಟ್ರೇನಿಂಗ್ ಬೇಕು, ನಾನು ಆ ಆಸೆ ಬಿಟ್ಟಿದ್ದೀನಿ.

ಓಆರ್‌ಎಸ್ ಬಗ್ಗೆ ಒಂದು ಮಾತು. ಬಹಳ ಜನ ಅದನ್ನ ಕುಡಿದು ಎನರ್ಜಿ ಬಂತು ಅನ್ಕೋತಾರೆ. ಡಬ್ಲ್ಯುಎಚ್‌ಒ ಫಾರ್ಮುಲಾದ ಪ್ಯಾಕೆಟ್‌ನಲ್ಲಿ ಒಂದು ಲೀಟರಿಗೆ ಗ್ಲುಕೋಸ್ ಇರೋದು ಬರೀ 13.5 ಗ್ರಾಂ, ಉಪ್ಪು 2.6 ಗ್ರಾಂ. ಅದು ಉಪ್ಪು-ನೀರಿಗೆ, ಹೊಟ್ಟೆಗಲ್ಲ. ಟೆಟ್ರಾ ಪ್ಯಾಕಲ್ಲಿ ಬರ್ತಿದ್ದ ಸಿಹಿ ಜ್ಯೂಸುಗಳು ಬೇರೆ ಕಥೆ, ಅವುಗಳ ಮೇಲೆ ಓಆರ್‌ಎಸ್ ಅಂತ ಬರೆಯೋ ಹಾಗಿಲ್ಲ ಅಂತ 2025ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆರ್ಡರ್ ಮಾಡಿತು, ಒಳ್ಳೇದಾಯ್ತು. ನಾನು ಒಂದು ಬಾಟಲಲ್ಲಿ ಓಆರ್‌ಎಸ್ ಇನ್ನೊಂದರಲ್ಲಿ ಬರೀ ನೀರು ಇಡ್ತೀನಿ. ಬರೀ ನೀರನ್ನೇ ಗಟಗಟ ಕುಡೀತಾ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತೆ, ಜನ ಅದನ್ನ ಡಿಹೈಡ್ರೇಷನ್ ಅನ್ಕೊಂಡು ಇನ್ನೂ ನೀರು ಕುಡೀತಾರೆ. ಬಾಯಾರಿಕೆ ಆದಾಗ ಕುಡಿದ್ರೆ ಸಾಕು.

ಬೇಲೂರು ಬಿಟ್ಮೇಲೆ ರೋಡು ಏರಿಳಿತ, ಕಾಫಿ ತೋಟ, ಚಳಿ. ಕೊಟ್ಟಿಗೆಹಾರಕ್ಕೆ ಸಂಜೆ ಏಳೂಕಾಲಿನ ಹೊತ್ತಿಗೆ ಬಂದೆ. ಇಲ್ಲೇ ನೋಡಿ ಬಹಳ ಜನ ಅವಸರ ಮಾಡೋದು. ಮುಂದೆ ಬರೀ ಇಳಿಜಾರು, ಕಾಲು ಆಡಿಸದೆ ಉಜಿರೆಗೆ ಹೋಗಿ ಅಲ್ಲೇ ಆರಾಮಾಗಿ ರೆಸ್ಟ್ ಮಾಡೋಣ ಅಂತ ಹಾಗೇ ಇಳಿದುಬಿಡ್ತಾರೆ. ನನ್ನ ಪ್ರಕಾರ ಅದು ಉಲ್ಟಾ. ಏರಲ್ಲಿ ತೂಕಡಿಸಿದ್ರೆ ಗಂಟೆಗೆ ಏಳೆಂಟು ಕಿಮೀ ಸ್ಪೀಡಲ್ಲಿ ಪಕ್ಕಕ್ಕೆ ವಾಲ್ತೀರಿ, ಮಂಡಿ ತರಚುತ್ತೆ. ಚಾರ್ಮಾಡಿ ಇಳಿಯೋವಾಗ ಮಂಜಲ್ಲಿ, ಎದುರಿಗೆ ಲಾರಿ ಲೈಟು, ಒಂದು ಸೆಕೆಂಡ್ ಕಣ್ಣು ಮುಚ್ಚಿದ್ರೆ ಕಥೆ ಬೇರೆ. ಅದಕ್ಕೆ ನಿದ್ದೆ ಬರ್ತಾ ಇಲ್ದಿದ್ರೂ ಇಳಿಯೋಕೆ ಮುಂಚೆ ಹದಿನೈದು ನಿಮಿಷ ಕಡ್ಡಾಯ. ಎರಡು ನೀರ್‌ದೋಸೆ ತಿಂದೆ, ಬಿಸಿ ಕಾಫಿ ಕುಡಿದೆ, ಕುಡಿದ ತಕ್ಷಣ ಹೋಟೆಲ್ ಬೆಂಚಿನ ಮೇಲೆ ಕಾಲು ಗೋಡೆಗೆ ಎತ್ತಿಟ್ಟು ಮಲಗಿದೆ. ಕಾಫಿ ಕುಡಿದು ಮಲಗೋದು ವಿಚಿತ್ರ ಅನ್ಸುತ್ತೆ, ಆದ್ರೆ ಕೆಫೀನ್ ತಲೆಗೆ ಹತ್ತೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಅಷ್ಟರಲ್ಲಿ ಒಂದು ಕೋಳಿನಿದ್ದೆ ಆಗಿ ಏಳೋ ಹೊತ್ತಿಗೆ ಕಾಫೀನೂ ಕೆಲಸ ಶುರು ಮಾಡಿರುತ್ತೆ. ಇಪ್ಪತ್ತು ನಿಮಿಷ ಮೀರಬಾರದು, ಗಾಢ ನಿದ್ದೆಗೆ ಇಳಿದು ಮಧ್ಯ ಎದ್ರೆ ಅರ್ಧ ಗಂಟೆ ಮಂಕು ಬಡಿದಂಗಿರ್ತೀರಿ.

ಹೊರಡೋಕೆ ಮುಂಚೆ ಅಂಗಡಿಯೋರ ಹತ್ರ ಹಳೇ ಪೇಪರ್ ಇಸ್ಕೊಂಡೆ. ಎರಡು ಶೀಟು ಮಡಚಿ ಜರ್ಸಿ ಒಳಗೆ ಎದೆಗೆ ಇಟ್ಕೊಂಡು ಮೇಲೆ ವಿಂಡ್‌ಚೀಟರ್ ಜಿಪ್ ಎಳೆದ್ರೆ ಗಾಳಿ ಒಳಗೆ ನುಗ್ಗಲ್ಲ. ಸೈಕಲ್ ರೇಸಿನೋರ ಹಳೇ ಕಾಲದ ಉಪಾಯ ಅದು. ಬೆವರಿದ ಬಟ್ಟೇಲಿ ಇಳಿದು ಮೈ ನಡುಗೋಕೆ ಶುರುವಾದ್ರೆ ಬ್ರೇಕ್ ಹಿಡಿಯೋ ಬೆರಳೇ ಕೆಲಸ ಮಾಡಲ್ಲ, ಹೊಟ್ಟೇನೂ ಗಟ್ಟಿ ಹಿಡ್ಕೊಳ್ಳುತ್ತೆ.

ಉಜಿರೆಗೆ ಬಂದಾಗ ಒಂಬತ್ತೂವರೆ, ಮೇಲಿನ ಚಳಿ ಹೋಗಿ ಸೆಕೆ ಶುರು. ಹೋಟೆಲ್‌ನೋರು ಮುಚ್ಚೋ ತಯಾರಿಯಲ್ಲಿದ್ರು. ಕುಚ್ಚಲಕ್ಕಿ ಗಂಜಿ ಇದ್ಯಾ ಅಂತ ಕೇಳಿದೆ.

"ಗಂಜಿ ಉಂಟು, ಆದ್ರೆ ಪಲ್ಯ ಎಲ್ಲ ಖಾಲಿ ಮಾರಾಯ್ರೆ."

"ಉಪ್ಪಿನಕಾಯಿ ಸಾಕಣ್ಣ."

"ಎಂತ, ಇನ್ನು ಈ ಹೊತ್ತಲ್ಲಿ ಸೈಕಲಲ್ಲಿ ಘಾಟಿ ಹತ್ತುವುದಾ ನೀವು? ನಿಮ್ಗೆ ಮನೆಯಲ್ಲಿ ಹೇಳುವವರು ಯಾರೂ ಇಲ್ವಾ?"

ಇದ್ದಾರೆ ಅಂದೆ, ನಕ್ಕು ಇನ್ನೊಂದು ಸೌಟು ಬಡಿಸಿದ್ರು. ಗಂಜಿಗಿಂತ ಒಳ್ಳೇ ಊಟ ಆ ಹೊತ್ತಿಗೆ ನನಗೆ ಗೊತ್ತಿಲ್ಲ. ಅನ್ನ, ನೀರು, ಉಪ್ಪು ಮೂರೂ ಒಂದೇ ಬಟ್ಟಲಲ್ಲಿ, ಜಗಿಯೋ ಕಷ್ಟಾನೂ ಇಲ್ಲ. ಮಲಗೋಕೆ ಮುಂಚೇನೇ ಉಣ್ಣೋದಕ್ಕೂ ಕಾರಣ ಇದೆ. ಎಷ್ಟೋ ಜನ ಮೊದಲು ಮಲಗಿ, ಎದ್ದು ತಿಂದು, ತುಂಬಿದ ಹೊಟ್ಟೇಲಿ ಸೀದಾ ಏರು ಹತ್ತೋಕೆ ಹೋಗ್ತಾರೆ. ಏರಲ್ಲಿ ರಕ್ತ ಎಲ್ಲಾ ಕಾಲಿಗೆ ಓಡುತ್ತೆ, ಹೊಟ್ಟೆ ಕೆಲಸ ನಿಲ್ಲಿಸುತ್ತೆ, ಮೂರನೇ ತಿರುವಿಗೆ ವಾಂತಿ. ಉಂಡು ಮಲಗಿದ್ರೆ ನೀವು ನಿದ್ದೆ ಮಾಡೋವಾಗ ಹೊಟ್ಟೆ ತನ್ನ ಪಾಡಿಗೆ ಕೆಲಸ ಮುಗಿಸಿರುತ್ತೆ, ಒಂದೇ ಟೈಮಲ್ಲಿ ಎರಡು ಕೆಲಸ. ಹೋಟೆಲಿಂದ ಮಂಗಳೂರು ಬನ್ಸ್ ಎರಡು ಕಟ್ಟಿಸ್ಕೊಂಡೆ, ಅವು ಬೆಳಿಗ್ಗೆ ತನಕ ಮೆತ್ತಗೇ ಇರ್ತವೆ. ಕರಿದದ್ದು ಅಂತ ಗೊತ್ತು, ಘಟ್ಟದ ಮೇಲೆ ತಲುಪಿದ್ಮೇಲೆ ತಿನ್ನೋಕೆ ಅದು.

ಸಣ್ಣ ಲಾಡ್ಜಲ್ಲಿ ಒಂದೂವರೆ ಗಂಟೆ. ಶೂ ಸಾಕ್ಸ್ ಬಿಚ್ಚಿ, ಕಾಲು ತೊಳೆದು, ಒಣ ಬನಿಯನ್ ಹಾಕ್ಕೊಂಡು ಮಲಗಬೇಕು, ಸ್ನಾನಕ್ಕೆ ಟೈಮ್ ಇಲ್ಲ. ಫೋನನ್ನ ಸ್ಟೀಲ್ ಲೋಟದೊಳಗೆ ಇಟ್ರೆ ಅಲಾರಂ ಊರಿಗೆಲ್ಲಾ ಕೇಳುತ್ತೆ. ನಿದ್ದೆಯ ಒಂದು ಸುತ್ತು ಅಂದಾಜು 90 ನಿಮಿಷ ಅನ್ನೋ ಲೆಕ್ಕ ಎಲ್ರಿಗೂ ಸರಿಯಾಗಿ ಹೊಂದಲ್ಲ, ನನಗೆ ಹೊಂದುತ್ತೆ. ದುಡ್ಡು ಉಳಿಸೋಕೆ ಬಸ್‌ಸ್ಟಾಂಡಲ್ಲಿ ಮಲಗೋರಿದ್ದಾರೆ, ಈ ಕಡೆ ಸೊಳ್ಳೆ ನಿದ್ದೆ ಮಾಡೋಕೆ ಬಿಡಲ್ಲ. ಒಬ್ಬೊಬ್ರೇ ಬರೋ ಹೆಣ್ಣುಮಕ್ಕಳಿಗಂತೂ ನಾನು ಹೇಳೋದು ಒಂದೇ, ರೂಮು ಮೊದಲೇ ಬುಕ್ ಮಾಡಿ, ಇಲ್ಲಾಂದ್ರೆ ಕ್ಯಾಮೆರಾ ಇರೋ 24 ಗಂಟೆ ಪೆಟ್ರೋಲ್ ಬಂಕ್ ನೋಡ್ಕೊಳ್ಳಿ.

ಹನ್ನೆರಡಕ್ಕೆ ಏರು ಶುರು. ಏರಲ್ಲಿ ಗಟ್ಟಿ ಪದಾರ್ಥ ಏನೂ ಇಲ್ಲ, ಕಾಲು ಗಂಟೆಗೊಂದು ಸಲ ಬೆಲ್ಲದ ನೀರು ಎರಡು ಗುಟುಕು, ಮಧ್ಯೆ ಅಣ್ಣಪ್ಪಸ್ವಾಮಿ ಗುಡಿ ಹತ್ರ ಕೈ ಮುಗಿಯೋ ನೆಪದಲ್ಲಿ ಎರಡು ನಿಮಿಷ ನಿಂತೆ ಅಷ್ಟೆ. ಏರಲ್ಲಿ ಜಾಸ್ತಿ ನಿಂತ್ರೆ ಮೈ ತಣ್ಣಗಾಗಿ ಮಂಡಿ ಹಿಡ್ಕೊಳ್ಳುತ್ತೆ. ಮೂರು ಗಂಟೆಗೆ ಮೇಲಿದ್ದೆ, ಟೈಮ್ ಲಿಮಿಟ್ಟಿಗಿಂತ ಅರ್ಧ ಗಂಟೆ ಮುಂದೆ. ಬನ್ಸ್ ಹೊಟ್ಟೆಗೆ ಹೋಯ್ತು.

ಮೂರರಿಂದ ಐದು ಅತಿ ಕೆಟ್ಟ ಹೊತ್ತು, ಮೈಯ ಉಷ್ಣಾಂಶಾನೇ ಆಗ ಕಡಿಮೆ ಇರುತ್ತೆ, ಎಷ್ಟು ಕಾಫಿ ಕುಡಿದ್ರೂ ಅಷ್ಟೇ. ಮೈಲಿಗಲ್ಲು ಕಂಬಳಿ ಹೊದ್ದು ಕೂತಿರೋ ಮನುಷ್ಯನ ಹಾಗೆ ಕಾಣೋಕೆ ಶುರುವಾಗುತ್ತೆ. ನನ್ನ ಟೆಸ್ಟ್ ಒಂದಿದೆ: ಮುಂದಿನ ಊರು ಇಷ್ಟು ದೂರ, ಈ ಸ್ಪೀಡಲ್ಲಿ ಎಷ್ಟು ಹೊತ್ತಿಗೆ ತಲುಪ್ತೀನಿ ಅಂತ ಮನಸ್ಸಲ್ಲೇ ಲೆಕ್ಕ ಹಾಕೋದು. ಲೆಕ್ಕ ಎರಡು ಸಲ ಕೈತಪ್ಪಿದ್ರೆ ಇಳಿದು ಮಲಗೋದು, ವಾದ ಇಲ್ಲ. ಮೂಡಿಗೆರೆ ಹತ್ರ ತಪ್ಪಿತು. ಬಸ್ ಶೆಲ್ಟರ್ ಕಲ್ಲಿನ ಮೇಲೆ ಹೆಲ್ಮೆಟ್ ತಲೆದಿಂಬು ಮಾಡ್ಕೊಂಡು, ಎಮರ್ಜೆನ್ಸಿ ಫಾಯಿಲ್ ಹೊದ್ಕೊಂಡು ಇಪ್ಪತ್ತು ನಿಮಿಷ. ನಾಯಿ ಒಂದು ಬಂದು ಮೂಸಿ ನೋಡಿ ಹೋಯ್ತು.

ಬೇಲೂರಲ್ಲಿ ಬಿಸಿ ಇಡ್ಲಿ, ಆಮೇಲೆ ಬಿಸಿಲು. ವಾಪಸ್ ಹೈವೇಲಿ ತಿನ್ನೋಕೆ ಮನಸ್ಸಿರಲ್ಲ, ಆದ್ರೂ ಗಡಿಯಾರ ನೋಡಿ ಅರ್ಧ ಗಂಟೆಗೊಂದು ತುತ್ತು ಬಾಯಿಗೆ ಹಾಕ್ಲೇಬೇಕು, ಮಜ್ಜಿಗೆ ಸಿಕ್ಕಲ್ಲೆಲ್ಲಾ ಮಜ್ಜಿಗೆ. ಮಧ್ಯಾಹ್ನ ಎರಡರ ಸುಮಾರಿಗೆ ಮತ್ತೆ ತೂಕಡಿಕೆ ಬರುತ್ತೆ, ಹಿರೀಸಾವೆ ಕಡೆ ಹೊಂಗೆ ಮರ ಸಿಕ್ರೆ ಹತ್ತು ನಿಮಿಷ. ಕಾಫಿ ಸಂಜೆ ನಾಲ್ಕರ ಮೇಲೆ ಬೇಡ ಅಂತ ಮಾಮೂಲಿ ಹೇಳ್ತಾರೆ, ಅವತ್ತು ಆ ರೂಲ್ಸು ನಡೆಯಲ್ಲ, ಕುಣಿಗಲ್ ದಾಟಿದ್ಮೇಲೆ ಭಾನುವಾರ ಸಂಜೆ ಬೆಂಗಳೂರಿಗೆ ವಾಪಸ್ ಬರೋ ಕಾರುಗಳ ಮಧ್ಯೆ ಎಚ್ಚರ ಇರೋದು ಮುಖ್ಯ.

ಮುಗಿಸಿದ್ಮೇಲೆ ಕಾರು ಬೈಕು ಓಡಿಸ್ಕೊಂಡು ಮನೆಗೆ ಹೋಗೋದು ಬೇಡ, ಎರಡು ದಿನಕ್ಕೆ ಎರಡು ಗಂಟೆ ನಿದ್ದೆ ಮಾಡಿರೋ ತಲೆ ಅದು. ನಾನು ಹೆಂಡತಿಗೆ ಮೊದಲೇ ಹೇಳಿಟ್ಟಿರ್ತೀನಿ, ಬಂದು ಕರ್ಕೊಂಡು ಹೋಗು, ಬರೋವಾಗ ಡಬ್ಬೀಲಿ ಮೊಸರನ್ನ ತಗೊಂಡು ಬಾ, ದಾಳಿಂಬೆ ಗೀಳಿಂಬೆ ಹಾಕ್ಬೇಡ ಅಂತ.