ಬೀಗ ಬಿದ್ದ ಶಾಲೆ ಮತ್ತೆ ತೆರೆಸಿದ್ದು ಹೀಗೆ

ದಾಖಲಾತಿ ಸೊನ್ನೆಯಾಗಿ ನಮ್ಮೂರ ಕಿರಿಯ ಪ್ರಾಥಮಿಕ ಶಾಲೆ ಮುಚ್ಚಿದಾಗ ಮೊದಲು ಓದಿದ್ದು ಆದೇಶದ ಒಕ್ಕಣೆ. ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂದಿದ್ದರೆ ಮಕ್ಕಳನ್ನು ತೋರಿಸಿ ತೆರೆಸಬಹುದು. ‘ವಿಲೀನ’ ಎಂದಿದ್ದರೆ, ಅಂದರೆ ಬೇರೆ ಶಾಲೆಗೆ ಸೇರಿಸಿಬಿಟ್ಟಿದ್ದರೆ, ದಾರಿ ಉದ್ದ. ನಮ್ಮದು ಮೊದಲನೆಯದು.

ಮನವಿಗೆ ನೂರು ಸಹಿ ಹಾಕಿಸುವುದು ದಂಡ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳುವುದು ಒಂದೇ ಪ್ರಶ್ನೆ: ಮಕ್ಕಳೆಲ್ಲಿ? ಅದಕ್ಕೇ ಅಂಗನವಾಡಿ ರಿಜಿಸ್ಟರು ಹಿಡಿದು ಮನೆಮನೆ ಸುತ್ತಿದೆವು. ಮಗುವಿನ ಹೆಸರು, ಜನ್ಮದಿನಾಂಕ, ಈಗ ಓದುವ ಶಾಲೆ, ನಡೆಯುವ ದೂರ: ಇಷ್ಟು ಬರೆದರೆ ಸಾಕು. ಇದು ಡಿಸೆಂಬರಿನಲ್ಲೇ ಮುಗಿಯಬೇಕು. ಆಮೇಲೆ ಖಾಸಗಿ ಶಾಲೆಯವರು ಮುಂಗಡ ಕಟ್ಟಿಸಿಕೊಳ್ಳುತ್ತಾರೆ, ಕಟ್ಟಿದ ದುಡ್ಡು ಬಿಟ್ಟು ಯಾರೂ ಬರುವುದಿಲ್ಲ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮಕ್ಕೆ ಪಟ್ಟಿಯ ಕೆಲವು ಹೆಸರು ಉದುರುತ್ತವೆ. ಅವನ್ನು ಮರುವರ್ಷದ ಪುಟಕ್ಕೆ ಬರೆದಿಡಿ.

ದೂರ ಅಳೆಯಲು ಫೋನಿನ ಮ್ಯಾಪ್ ನಂಬಬೇಡಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ನಿಯಮದ ಪ್ರಕಾರ 1ರಿಂದ 5ನೇ ತರಗತಿಯವರೆಗೆ ಶಾಲೆ ಇರಬೇಕಾದ್ದು 1 ಕಿ.ಮೀ. ನಡಿಗೆಯೊಳಗೆ. ಮಳೆಗಾಲದಲ್ಲಿ ಕಾಲುಸಂಕ ಮುಳುಗಿ ಹಳ್ಳ ಬಳಸಿ ಹೋಗುವ ದಾರಿಯನ್ನೇ ನಡೆದು ಅಳೆದು, ಫೋಟೊ ಸಮೇತ ಕೊಟ್ಟೆವು.

ಕೆಲಸ ಕೆಡುವುದು ಮಕ್ಕಳ ದಾಖಲಾತಿ ಇಡುವ ಇಲಾಖೆಯ ತಂತ್ರಾಂಶ ಸ್ಯಾಟ್ಸ್‌ನಲ್ಲಿ. ಹಳೆಯ ಶಾಲೆ ತಂತ್ರಾಂಶದಲ್ಲಿ ಮಗುವನ್ನು ಬಿಟ್ಟುಕೊಡದಿದ್ದರೆ, ನಮ್ಮ ಬೆಂಚಿನ ಮೇಲೆ ಕೂತಿದ್ದರೂ ಅದು ನಮ್ಮ ಲೆಕ್ಕಕ್ಕಿಲ್ಲ. ಟಿಸಿ (ವರ್ಗಾವಣೆ ಪತ್ರ) ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ ಎನ್ನುತ್ತದೆ ಆರ್‌ಟಿಇಯ 5ನೇ ಸೆಕ್ಷನ್. ಹಾಗಾಗಿ ಮಗುವನ್ನು ಮೊದಲು ಸೇರಿಸಿಕೊಂಡು, ಟಿಸಿಗೆ ಪೋಷಕರಿಂದ ಲಿಖಿತ ಅರ್ಜಿ ಹಾಕಿಸಿ, ಸ್ವೀಕೃತಿ ಪಡೆದು, ಪ್ರತಿಯನ್ನು ಸುತ್ತಲ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೆ ತಲುಪಿಸಿದೆವು.

60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಕಾನೂನು. ಆರಂಭದಲ್ಲಿ ಸಿಗುವುದು ನಿಯೋಜನೆಯ ಮೇಲೆ ಬಂದ ಒಬ್ಬರೇ. ಅವರಿಗೆ ಮೀಟಿಂಗ್ ಬಿದ್ದ ದಿನ ಶಾಲೆಗೆ ರಜೆ, ಹೀಗೆ ನಾಲ್ಕು ಸಲವಾದರೆ ಪೋಷಕರು ಮತ್ತೆ ವ್ಯಾನು ಹತ್ತಿಸುತ್ತಾರೆ. ಊರಿನಲ್ಲೇ ಇರುವ ಡಿ.ಇಡಿ. ಮುಗಿಸಿದವರೊಬ್ಬರನ್ನು ಗೌರವಧನದ ಮೇಲೆ ಇಟ್ಟುಕೊಳ್ಳಿ. ಅವರ ಗೌರವಧನಕ್ಕೆ ಸರ್ಕಾರದ ದುಡ್ಡು ನೆಚ್ಚಬೇಡಿ: ಗರಿಷ್ಠ 30 ಮಕ್ಕಳಿರುವ ಶಾಲೆಗೆ ಸಿಗುವ ₹10,000 ವಾರ್ಷಿಕ ಅನುದಾನ ಸೀಮೆಸುಣ್ಣ, ಚಿಲ್ಲರೆ ರಿಪೇರಿಯಲ್ಲೇ ಮುಗಿಯುತ್ತದೆ.

ದಾನಿಗಳ ವಿಷಯ ಬೇರೆ. ಗೋಡೆಗೆ ಬಣ್ಣ ಹೊಡೆಸಿ ಹೆಸರು ಬರೆಸಲು ಜನ ಸಾಲುಗಟ್ಟುತ್ತಾರೆ, ತಿಂಗಳ ಸಂಬಳಕ್ಕೆ ಒಬ್ಬರೂ ಮುಂದೆ ಬರುವುದಿಲ್ಲ. ಬಣ್ಣ ಬೇಡವೆಂದು ಹೇಳಿ, ಎರಡು ವರ್ಷದ ಗೌರವಧನವನ್ನೂ ಮಕ್ಕಳನ್ನು ಕರೆತರುವ ಆಟೊ ಬಾಡಿಗೆಯನ್ನೂ ಹಿರಿಯ ವಿದ್ಯಾರ್ಥಿ ಸಂಘದ ಖಾತೆಗೆ ಮುಂಚೆಯೇ ಹಾಕಿಸಿಕೊಂಡೆವು. ಬಾಡಿಗೆ ಉಳಿಸಲೆಂದು ಖಾಸಗಿ ನೋಂದಣಿಯ ವೈಟ್‌ಬೋರ್ಡ್ ಓಮ್ನಿ ಓಡಿಸಬೇಡಿ: ಅಪಘಾತವಾದರೆ ವಿಮೆ ಸಿಗುವುದೇ ಕಷ್ಟ.