ದಸರಾ ರಜೆಯ ನಂತರ ಯುಕೆಜಿ ಮಗುವಿನ ಎಣಿಕೆ, ಅಕ್ಷರ

ನವೆಂಬರ್ ಹೊತ್ತಿಗೆ 20ರವರೆಗೆ ಗಡಗಡನೆ ಹೇಳುವ ಮಗು, ಎದುರಿಗೆ 10 ಅಡಿಕೆ ಇಟ್ಟರೆ 12 ಎನ್ನಬಹುದು. ಬಾಯಿ ಬೆರಳಿಗಿಂತ ಮುಂದೆ ಓಡಿರುತ್ತದೆ. ಎರಡು ತಟ್ಟೆ ಇಡಿ. ಸುಲಿಯದ ಅಡಿಕೆಯನ್ನು ಒಂದೊಂದೇ ಆಚೆ ತಟ್ಟೆಗೆ ಹಾಕುತ್ತ ಎಣಿಸಲಿ. ಕೊನೆಗೆ ‘ಒಟ್ಟು ಎಷ್ಟು?’ ಎಂದು ಕೇಳಿ. ಮತ್ತೆ ಮೊದಲಿಂದ ಎಣಿಸತೊಡಗಿದರೆ 5ಕ್ಕೆ ಇಳಿಸಿ. ದಿನಕ್ಕೆ 10 ನಿಮಿಷ ಸಾಕು. ಕಾರವಾರದ ಕಡೆ ದೊಡ್ಡ ಚಿಪ್ಪಿಯೂ ಆದೀತು, ಬಾಯಿಗೆ ಹೋಗುವಂಥ ಸಣ್ಣದು ಮಾತ್ರ ಬೇಡ.

ವ, ಪ, ಮ ಒಟ್ಟಿಗೆ ಕಲಿಸಬೇಡಿ, ರೂಪ ಹತ್ತಿರವಾದ್ದರಿಂದ ಕಲಸಿಹೋಗುತ್ತದೆ. ‘ವ’ ಗಟ್ಟಿಯಾದ ಮೇಲೆ ‘ಪ’. ಮೊದಲು ಮರಳಿನಲ್ಲಿ ಬೆರಳಿಂದ, ಆಮೇಲೆ ಮೋಟು ಬಳಪದಲ್ಲಿ.

ಮನೆಮಾತು ಕೊಂಕಣಿಯಾದರೆ ದಯವಿಟ್ಟು ಬಿಡಿಸಬೇಡಿ. ಕಥೆ ಕೊಂಕಣಿಯಲ್ಲೇ ಇರಲಿ. ಟೀಚರ್ ಹತ್ತಿರ ವಾರಕ್ಕೆ 5 ಕನ್ನಡ ಪದ ಕೇಳಿಕೊಂಡು ಅದರೊಳಗೇ ಸೇರಿಸಿ. ನೀರು, ಹಸಿವು, ಶೌಚಕ್ಕೆ ಮಗು ಬಳಸುವ ಮಾತನ್ನು ಟೀಚರಿಗೂ ಬರೆದುಕೊಡಿ.