‘ಎಲ್ಲ’ಕ್ಕೆ ‘ಇಲ್ಲ’ ಜೋಡಿಯಾದರೆ: ಗೊಂದಲ ಬಿಡಿಸುವ ಬಗೆ

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಸಂದೇಶ ಬಂತು: ‘ನಾಳೆ ಎಲ್ಲ ಶಾಲೆಗಳಿಗೂ ರಜೆ ಇಲ್ಲ.’ ಬೆಳಿಗ್ಗೆ ಎದುರು ಮನೆಯ ಹುಡುಗ ರೇನ್‌ಕೋಟ್ ತೊಟ್ಟು ಹೊರಟ. ಅದೇ ಶಾಲೆಗೆ ಹೋಗುವ ಪಕ್ಕದ ಮನೆಯ ಹುಡುಗಿ ಹೊದ್ದು ಮಲಗಿದ್ದಳು. ‘ಯಾವ ಶಾಲೆಗೂ ರಜೆಯಿಲ್ಲ’ ಎಂದು ಒಂದು ಮನೆಯವರು ಓದಿಕೊಂಡಿದ್ದರು. ‘ಕೆಲವಕ್ಕೆ ರಜೆ, ನಮ್ಮದಕ್ಕೂ ಇರಬಹುದು’ ಎಂದು ಇನ್ನೊಂದು ಮನೆಯವರು. ಇಬ್ಬರ ಓದೂ ಸರಿಯೇ. ತಪ್ಪು ವಾಕ್ಯದ್ದು.

ಇಂಥ ವಾಕ್ಯ ಬರೆಯದಿರಲು ಮೊದಲು ಅದನ್ನು ಗುರುತಿಸಬೇಕು. ಎಲ್ಲ, ಪ್ರತಿಯೊಂದು, ಕೆಲವು, ಎರಡು ಮುಂತಾದ ಪರಿಮಾಣ ಹೇಳುವ ಪದ ಒಂದು ಕಡೆ. ಇಲ್ಲ, ಅಲ್ಲ, ಬಾರದು ಮುಂತಾದ ನಿಷೇಧ ಪದ ಇನ್ನೊಂದು ಕಡೆ. ಎರಡೂ ಒಂದೇ ವಾಕ್ಯದಲ್ಲಿ ಕಂಡರೆ ಕಳುಹಿಸುವ ಗುಂಡಿ ಒತ್ತುವ ಮುಂಚೆ ತಡೆಯಿರಿ.

ಆಮೇಲೆ ‘ಒಬ್ಬರು ಬಂದಿದ್ದರೆ?’ ಎಂಬ ಪರೀಕ್ಷೆ. ‘ಸಭೆಗೆ ಎಲ್ಲ ಸದಸ್ಯರೂ ಬರಲಿಲ್ಲ’ ಎಂದು ಬರೆದಿದ್ದೀರಿ. 20 ಸದಸ್ಯರಲ್ಲಿ ಒಬ್ಬರು ಬಂದಿದ್ದರೆ ನಿಮ್ಮ ಮಾತು ಸುಳ್ಳಾಗುತ್ತದೆಯೇ? ಆಗುತ್ತದೆ ಎನ್ನುವುದಾದರೆ ನೀವು ಹೇಳಹೊರಟದ್ದು ‘ಯಾರೂ ಬರಲಿಲ್ಲ’ ಎಂದು. ಆಗುವುದಿಲ್ಲ ಎನ್ನುವುದಾದರೆ, ಬಾರದವರೂ ಇದ್ದಾರೆ ಎಂದಷ್ಟೇ. ‘ಇಲ್ಲ’ ಎಂಬುದು ಬರೀ ‘ಬರುವುದ’ನ್ನು ಅಳಿಸಿತೋ, ‘ಎಲ್ಲರೂ ಬರುವುದ’ನ್ನು ಅಳಿಸಿತೋ ಎಂಬುದೇ ಇಡೀ ತಕರಾರು. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಗಾದೆಯ ಕಟ್ಟೂ ಇದೇ. ಅಲ್ಲಿ ಯಾರೂ ಎಡವುವುದಿಲ್ಲ, ಏಕೆಂದರೆ ಅಡ್ಡ ಅರ್ಥ ಹಿಡಿದರೆ ಹಾಲೂ ಹಾಲಲ್ಲ ಎಂದಾಗುತ್ತದೆ. ರಜೆಯ ಸಂದೇಶಕ್ಕೆ ಅಂಥ ಆಸರೆ ಇಲ್ಲ.

ಅರ್ಥ ಖಚಿತವಾದ ಮೇಲೆ ಪದ ಬದಲಿಸಿ. ಪೂರ್ತಿ ನಿಷೇಧಕ್ಕೆ ಯಾರೂ, ಯಾವುದೂ, ಒಬ್ಬರೂ ಇವೆ. ಅರೆ ನಿಷೇಧಕ್ಕೆ ಕನ್ನಡದಲ್ಲೊಂದು ಸೊಗಸಾದ ಉಪಾಯವಿದೆ, ‘ಏನೂ’ ಸೇರಿಸುವುದು: ‘ಎಲ್ಲರೇನೂ ಬರಲಿಲ್ಲ’, ‘ಎಲ್ಲ ಶಾಲೆಗಳಿಗೇನೂ ರಜೆ ಇಲ್ಲ’. ಇದನ್ನು ಯಾರೂ ತಪ್ಪು ತಿಳಿಯಲಾರರು. ಆದರೂ ಸೂಚನಾ ಫಲಕಕ್ಕೆ ನಾನು ಆರಿಸುವುದು ನಿಷೇಧವೇ ಇಲ್ಲದ ವಾಕ್ಯ: ‘ಈ ಮೂರು ಶಾಲೆಗಳಿಗೆ ಮಾತ್ರ ರಜೆ’ ಎಂದು ಬರೆದು, ಕೆಳಗೆ ಹೆಸರುಗಳು.

ಬರೆದದ್ದನ್ನು ತಿದ್ದುವಾಗ ದೀರ್ಘದ ಮೇಲೆ ಕಣ್ಣಿರಲಿ. ‘ಒಂದು ಬಸ್ ಬರಲಿಲ್ಲ’ ಎಂದರೆ ಬರಬೇಕಾದ ಬಸ್ಸುಗಳಲ್ಲಿ ಒಂದು ತಪ್ಪಿದೆ. ‘ಒಂದೂ ಬಸ್ ಬರಲಿಲ್ಲ’ ಎಂದರೆ ನಿಲ್ದಾಣವೇ ಖಾಲಿ. ಐವರನ್ನು ಊಟಕ್ಕೆ ಕರೆದಿದ್ದು ‘ಇಬ್ಬರು ಬರಲಿಲ್ಲ’ ಎಂದರೆ ಮೂರು ಎಲೆ ಹಾಕಬೇಕು. ಕರೆದದ್ದೇ ಇಬ್ಬರನ್ನಾಗಿದ್ದು ‘ಇಬ್ಬರೂ ಬರಲಿಲ್ಲ’ ಎಂದರೆ ಎಲೆ ಮಡಿಸಿಡಬೇಕು. ಮೊಬೈಲಿನಲ್ಲಿ ಟೈಪಿಸುವಾಗ ಮೊದಲು ಜಾರುವುದು ಈ ಕೊಂಬಿನ ದೀರ್ಘವೇ.

ಸಂಖ್ಯೆಗಳದ್ದು ಇನ್ನೂ ಸ್ವಾರಸ್ಯ. ನಾಲ್ಕು ಲೆಕ್ಕಗಳಲ್ಲಿ ಮಗ ಎರಡನ್ನು ಮಾಡಿ ಎರಡನ್ನು ಬಿಟ್ಟಿದ್ದಾನೆ. ‘ಅವನು ಎರಡು ಲೆಕ್ಕ ಮಾಡಲಿಲ್ಲ’ ಎಂಬುದು ನಿಜವೇ? ಬಿಟ್ಟ ಎರಡನ್ನು ನೋಡಿದರೆ ನಿಜ, ಮಾಡಿದ ಎರಡನ್ನು ನೋಡಿದರೆ ಸುಳ್ಳು. ಭಾಷಾವಿಜ್ಞಾನಿಗಳಾದ ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಈ ಬಗೆಯ ವಾಕ್ಯಗಳನ್ನು ಕನ್ನಡದ ಮತ್ತು ಇಂಗ್ಲಿಷಿನ ನಾಲ್ಕು ವರ್ಷದ ಮಕ್ಕಳ ಮುಂದಿಟ್ಟು, ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ದೊಡ್ಡವರಿಗೆ ಎರಡೂ ಅರ್ಥ ಹೊಳೆಯುತ್ತವೆ. ಮಕ್ಕಳು ಒಲಿದದ್ದು ‘ಎರಡನ್ನು ಮಾಡಿದ್ದಾನಲ್ಲ, ಸುಳ್ಳು’ ಎನ್ನುವ ಅರ್ಥಕ್ಕೆ. ಇಂಗ್ಲಿಷಿನಲ್ಲಿ ನಿಷೇಧ ಮೊದಲು, ಸಂಖ್ಯೆ ಆಮೇಲೆ. ನಮ್ಮಲ್ಲಿ ಸಂಖ್ಯೆ ಮೊದಲು, ‘ಇಲ್ಲ’ ಕಟ್ಟಕಡೆಗೆ. ಆದರೂ ಎರಡೂ ಭಾಷೆಯ ಮಕ್ಕಳು ಹಿಡಿದದ್ದು ಒಂದೇ ದಾರಿ. ಅವರನ್ನು ನಡೆಸಿದ್ದು ಪದಗಳ ಸರದಿಯಲ್ಲ, ವಾಕ್ಯದ ಒಳಕಟ್ಟು, ಅಂದರೆ ಯಾವ ಪದ ಯಾವುದರ ಅಡಿಯಲ್ಲಿ ಕೂತಿದೆ ಎಂಬುದು. ಮನೆಯಲ್ಲಿ ಜಗಳ ಬೇಡವೆಂದರೆ ‘ಎರಡು ಲೆಕ್ಕ ಬಿಟ್ಟಿದ್ದಾನೆ’ ಎನ್ನಿ.

ಇನ್ನೊಬ್ಬರ ಮಾತನ್ನು ಅಲ್ಲಗಳೆಯುವಾಗಲೂ ಇದೇ ಲೆಕ್ಕ. ‘ಎಲ್ಲ ರಸ್ತೆಗಳೂ ದುರಸ್ತಿಯಾಗಿವೆ’ ಎಂದು ಒಬ್ಬರು ಹೇಳಿದರೆ, ‘ಯಾವ ರಸ್ತೆಯೂ ಆಗಿಲ್ಲ’ ಎಂದು ಎದುರಾಳಿ ಕೂಗುತ್ತಾರೆ. ಅರ್ಧ ರಸ್ತೆಗಳಷ್ಟೇ ಆಗಿದ್ದರೆ ಎರಡೂ ಸುಳ್ಳು. ಹೀಗೆ ಎರಡೂ ಸುಳ್ಳಾಗಬಲ್ಲ ಜೋಡಿಯನ್ನು, ಒಂದು ಸುಳ್ಳಾದರೆ ಇನ್ನೊಂದು ನಿಜವಾಗಲೇಬೇಕಾದ ಜೋಡಿಯಿಂದ ಅರಿಸ್ಟಾಟಲನೇ ಬೇರ್ಪಡಿಸಿ ತೋರಿಸಿದ್ದ. ಮೊದಲನೆಯವರ ಮಾತು ಮುರಿಯಲು ಅಷ್ಟು ದೊಡ್ಡ ಕೂಗು ಬೇಕಿಲ್ಲ, ಒಂದು ರಸ್ತೆಯ ಒಂದು ಗುಂಡಿಯ ಫೋಟೊ ಸಾಕು.